ಯಾವ ಇ-ರೀಡರ್ ಕೊಳ್ಳಬೇಕು? ಮೊದಲು ನಿಮ್ಮ ಪುಸ್ತಕಗಳನ್ನು ನೋಡಿ

ಇ-ರೀಡರ್ ಕೊಳ್ಳಬೇಕೆಂದುಕೊಂಡವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಹೊಸ ಇಂಗ್ಲಿಷ್ ಪುಸ್ತಕಗಳನ್ನು ದುಡ್ಡು ಕೊಟ್ಟು ಓದುವವರಿಗೆ ಆ ಪ್ರಶ್ನೆ ಸಾಕು. ಉಚಿತವಾಗಿ ಸಿಗುವ ಪುಸ್ತಕ, ಗ್ರಂಥಾಲಯದ ಎರವಲು ಪುಸ್ತಕ ಓದಬೇಕೆನ್ನುವವರಿಗೆ, ಅದರಲ್ಲೂ ಕನ್ನಡ ಓದುವವರಿಗೆ, ಅದು ಸಾಲದು. ನಾನು ಓದಲಿರುವ ಪುಸ್ತಕ ಎಲ್ಲಿಂದ ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ ಎಂದು ಅವರು ಮೊದಲು ಕೇಳಿಕೊಳ್ಳಬೇಕು. ಇದಕ್ಕೆ ಉತ್ತರ ಸಿಕ್ಕರೆ ಪರದೆ ಎಷ್ಟು ದೊಡ್ಡದಿರಬೇಕು, ಯಾವ ಬಗೆಯ ಯಂತ್ರ ಬೇಕು, ಅಸಲಿಗೆ ಯಂತ್ರವೇ ಬೇಕೇ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಈ ಲೇಖನ ಅದೇ ಕ್ರಮದಲ್ಲಿ ಸಾಗುತ್ತದೆ.

ಇ-ರೀಡರಿನ ಗುಣ ಮತ್ತು ಮಿತಿ

ಇ-ರೀಡರಿನ ಪರದೆಗೆ ಇ-ಇಂಕ್ ಎನ್ನುತ್ತಾರೆ. ಅಮೆರಿಕದ ಎಂಐಟಿಯಲ್ಲಿ ನಡೆದ ಸಂಶೋಧನೆಯಿಂದ 1997ರಲ್ಲಿ ಹುಟ್ಟಿದ ಕಂಪನಿಯೊಂದು ಇದನ್ನು ರೂಪಿಸಿತು. ಪರದೆಯೊಳಗಿನ ಅತಿ ಸಣ್ಣ ಕೋಶಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳಿರುತ್ತವೆ. ವಿದ್ಯುತ್ ಸಂಕೇತ ಬಂದಾಗ ಬೇಕಾದ ಬಣ್ಣದ ಕಣ ಮೇಲೆ ಬಂದು ನಿಲ್ಲುತ್ತದೆ, ಮತ್ತೆ ಸಂಕೇತ ಬರುವ ತನಕ ಅಲ್ಲೇ ಇರುತ್ತದೆ. ಹೀಗಾಗಿ ಪುಟ ಮಗುಚುವಾಗ ಮಾತ್ರ ಪರದೆ ವಿದ್ಯುತ್ ಬಳಸುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಓದಬಹುದು. ಮೊಬೈಲಿನಂತೆ ಪರದೆಯೇ ಬೆಳಕು ಸೂಸುವುದಿಲ್ಲ, ಮೇಲೆ ಬಿದ್ದ ಬೆಳಕನ್ನು ಕಾಗದದ ಹಾಗೆ ಪ್ರತಿಫಲಿಸುತ್ತದೆ. ಬಿಸಿಲಲ್ಲೂ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಈಗ ಬರುವ ಹೆಚ್ಚಿನ ಯಂತ್ರಗಳಲ್ಲಿ ರಾತ್ರಿ ಓದಲು ಪರದೆಯ ಅಂಚಿನಿಂದ ಹರಡುವ ಮಂದ ದೀಪವೂ ಇದೆ.

ಮಿತಿಗಳೂ ಇವೆ. ಪರದೆ ನಿಧಾನ. ಪುಟವನ್ನು ಹಿಗ್ಗಿಸಿ ಬೆರಳಿನಿಂದ ಅತ್ತಿತ್ತ ಎಳೆದಾಡುವುದು ಮೊಬೈಲಿನಷ್ಟು ಸಲೀಸಲ್ಲ. ಬಣ್ಣದ ಇ-ಇಂಕ್ ಬಂದಿದೆಯಾದರೂ ಬಣ್ಣ ತಿಳಿ, ಬಿಳಿ ಹಿನ್ನೆಲೆಯೂ ತುಸು ಮಂಕು. ಈಚಿನ ಕೆಲಿಡೊ 3 ಪರದೆಯಲ್ಲಿ ಕಪ್ಪು ಅಕ್ಷರಕ್ಕೆ ಅಂಗುಲಕ್ಕೆ 300 ಚುಕ್ಕೆಗಳ ಸ್ಪಷ್ಟತೆ ಇದ್ದರೆ ಬಣ್ಣಕ್ಕೆ 150 ಮಾತ್ರ. ಆದ್ದರಿಂದ ಮಕ್ಕಳ ಚಿತ್ರಪುಸ್ತಕಕ್ಕೆ ಇ-ರೀಡರ್ ಕೊಳ್ಳಬೇಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಬಣ್ಣಬಣ್ಣದ ಮಕ್ಕಳ ಕತೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಓದಿಸಲು ಮನೆಯಲ್ಲಿರುವ ಟ್ಯಾಬ್ಲೆಟ್ಟೇ ಮೇಲು.

ಪಠ್ಯವೋ, ಪುಟದ ಚಿತ್ರವೋ?

ಯಂತ್ರದ ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಇ-ಪುಸ್ತಕಗಳೆಂದು ನಾವು ಕರೆಯುವುದರಲ್ಲಿ ಮೂರು ಬಗೆ ಉಂಟು.

ಮೊದಲನೆಯದು ಇಪಬ್. ಇದರೊಳಗೆ ಇರುವುದು ನಿಜವಾದ ಪಠ್ಯ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ಪರದೆಯ ಅಗಲಕ್ಕೆ ತಕ್ಕಂತೆ ಮತ್ತೆ ಹೊಂದಿಕೊಳ್ಳುತ್ತವೆ. ಪದ ಹುಡುಕಬಹುದು, ಗೆರೆ ಎಳೆಯಬಹುದು. ಒಂದು ಕಾದಂಬರಿಯ ಫೈಲು ಒಂದೆರಡು ಎಂಬಿ ಮೀರುವುದು ಅಪರೂಪ.

ಎರಡನೆಯದು ಸ್ಕ್ಯಾನ್ ಮಾಡಿದ ಪಿಡಿಎಫ್. ಹಳೆಯ ಪುಸ್ತಕದ ಒಂದೊಂದು ಪುಟದ ಫೋಟೊ ಸಾಲಾಗಿ ಜೋಡಿಸಿರುತ್ತದೆ. ಅಕ್ಷರ ದೊಡ್ಡದು ಮಾಡಲಾಗದು, ಇಡೀ ಚಿತ್ರವನ್ನೇ ಹಿಗ್ಗಿಸಬೇಕು. ಫೈಲು ಹತ್ತಾರು ಎಂಬಿ ತೂಗುತ್ತದೆ.

ಮೂರನೆಯದು ಕನ್ನಡಕ್ಕೆ ವಿಶೇಷವಾದ ತೊಡಕು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಾವಿರಾರು ಪುಸ್ತಕಗಳ ಡಿಟಿಪಿ ಆಯಿತು. ಮುದ್ರಣಾಲಯಗಳಲ್ಲಿ ಇಂದಿಗೂ ಆ ಫಾಂಟುಗಳು ಬಳಕೆಯಲ್ಲಿವೆ. ಇಂಥ ಪಿಡಿಎಫ್ ತೆರೆದರೆ ಚೊಕ್ಕ ಕನ್ನಡ ಕಾಣುತ್ತದೆ. ಅದನ್ನೇ ಇಪಬ್‌ಗೆ ಬದಲಿಸಹೊರಟರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಬರುತ್ತದೆ, ಏಕೆಂದರೆ ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆಸ್ಕಿ ಎಂದು ಕರೆಯುವ ಈ ಹಳೆಯ ಫಾಂಟುಗಳಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಅವನ್ನು ಬಳಸಿದ ಮೇಲೂ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕಾಗುತ್ತದೆ.

ಯಾವ ಬಗೆಯದು ಎಂದು ತಿಳಿಯಲು ಸುಲಭದ ದಾರಿ ಇದೆ. ಪಿಡಿಎಫ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು ಆಯ್ಕೆ ಮಾಡಿ. ಆಯ್ಕೆ ಆಗದಿದ್ದರೆ ಅದು ಚಿತ್ರ. ಆಯ್ಕೆ ಆಗಿ, ಬೇರೆಡೆ ಅಂಟಿಸಿದಾಗ ಗೋಜಲು ಬಂದರೆ ಹಳೆಯ ಫಾಂಟಿನದು. ಕನ್ನಡವೇ ಬಂದರೆ ನಿಮ್ಮ ಕೆಲಸ ಹಗುರ.

ಉಚಿತ ಪುಸ್ತಕಗಳು ಎಲ್ಲಿವೆ?

ಇಂಗ್ಲಿಷ್ ಓದುಗರಿಗೆ ಸಂಪತ್ತು ಸಿದ್ಧವಾಗಿದೆ. 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ, ಎಲ್ಲವೂ ಪಠ್ಯರೂಪದಲ್ಲಿ. ಅವುಗಳಲ್ಲಿ ಆಯ್ದವನ್ನು ಇನ್ನಷ್ಟು ಅಚ್ಚುಕಟ್ಟಾಗಿ ಸಿದ್ಧಪಡಿಸಿ ಕೊಡುವ ತಾಣ ಸ್ಟ್ಯಾಂಡರ್ಡ್ ಇಬುಕ್ಸ್. ಇವೆರಡನ್ನು ನೆಚ್ಚಿಕೊಂಡವರಿಗೆ ಯಾವ ಇ-ರೀಡರ್ ಆದರೂ ನಡೆಯುತ್ತದೆ.

ಕನ್ನಡದಲ್ಲಿ ಸ್ಥಿತಿ ಬೇರೆ. ಅತಿ ದೊಡ್ಡ ಸಂಗ್ರಹ ಇರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಸ್ಕ್ಯಾನ್‌ಗಳು ಮೂಲ ತಾಣ ನಿಂತ ಮೇಲೂ ಅಲ್ಲಿ ಉಳಿದಿವೆ. ಸರ್ವೆಂಟ್ಸ್ ಆಫ್ ನಾಲೆಡ್ಜ್ ಎಂಬ ಸಂಗ್ರಹದಲ್ಲಿ ಬೆಂಗಳೂರಿನಲ್ಲಿ ಸ್ಕ್ಯಾನ್ ಆದ ಪುಸ್ತಕಗಳು ಸೇರುತ್ತಿವೆ. ಇವುಗಳ ಗುಣಮಟ್ಟ ಹಳೆಯ ಸ್ಕ್ಯಾನ್‌ಗಳಿಗಿಂತ ಎಷ್ಟೋ ಮೇಲು. ಹಳೆಯವುಗಳಲ್ಲಿ ಶೀರ್ಷಿಕೆಯನ್ನು ಇಂಗ್ಲಿಷಿನಲ್ಲಿ ಮನಬಂದಂತೆ ಬರೆದಿರುವುದುಂಟು. ಆದ್ದರಿಂದ ಒಂದೇ ಹೆಸರನ್ನು ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಹುಡುಕಿ ನೋಡಬೇಕು. ಕನ್ನಡ ಲಿಪಿಯಲ್ಲೇ ಹುಡುಕಲು ಸಂಚಯ ಬಳಗದವರು ರೂಪಿಸಿದ ಪುಸ್ತಕ ಸಂಚಯ ನೆರವಾಗುತ್ತದೆ. ಇಳಿಸಿಕೊಂಡ ಕೂಡಲೇ ಕೊನೆಯ ಪುಟದ ತನಕ ಒಮ್ಮೆ ಸರಿಸಿ ನೋಡಿ. ಪುಟ ಬಿಟ್ಟುಹೋಗಿರುವುದು, ಎರಡು ಸಲ ಬಂದಿರುವುದು ಹಳೆಯ ಸ್ಕ್ಯಾನ್‌ಗಳಲ್ಲಿ ಸಾಮಾನ್ಯ.

ಕರ್ನಾಟಕ ಜ್ಞಾನ ಆಯೋಗದ ಸಲಹೆಯಂತೆ ಆರಂಭವಾಗಿ, ಈಗ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಆಶ್ರಯದಲ್ಲಿರುವ ಕಣಜದಲ್ಲಿ ಇಲಾಖೆ ಮತ್ತು ಅಕಾಡೆಮಿಗಳ ಪ್ರಕಟಣೆಗಳು ಸಿಗುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿ ನಿಘಂಟು ಮತ್ತು ಪಠ್ಯಗಳಿವೆ. ಇವೆಲ್ಲದರ ನಡುವೆ ಇ-ರೀಡರ್ ಇರುವವರು ಮರೆಯಬಾರದ ತಾಣ ಕನ್ನಡ ವಿಕಿಸೋರ್ಸ್. ಇಲ್ಲಿರುವುದು ಚಿತ್ರವಲ್ಲ, ಸ್ವಯಂಸೇವಕರು ಸಾಲು ಸಾಲಾಗಿ ತಿದ್ದಿದ ಯೂನಿಕೋಡ್ ಪಠ್ಯ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ ಕನ್ನಡ ವಿಶ್ವಕೋಶದ ಲೇಖನಗಳು ಇಲ್ಲಿವೆ. ಪುಸ್ತಕದ ಪುಟದಲ್ಲಿರುವ ಡೌನ್‌ಲೋಡ್ ಗುಂಡಿ ಒತ್ತಿದರೆ ಇಪಬ್ ಕೈಗೆ ಬರುತ್ತದೆ.

ಯಾವುದು ನಿಜಕ್ಕೂ ಉಚಿತ?

ಅಂತರಜಾಲದಲ್ಲಿ ಸಿಕ್ಕಿದ್ದೆಲ್ಲ ಉಚಿತವಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ಹೀಗಾಗಿ ಮುದ್ದಣ, ಗುಲ್ವಾಡಿ ವೆಂಕಟರಾಯರು, ಕೆರೂರು ವಾಸುದೇವಾಚಾರ್ಯರು, ಎಂ.ಎಸ್. ಪುಟ್ಟಣ್ಣ, ಪಂಜೆ ಮಂಗೇಶರಾಯರು, ಗಳಗನಾಥರು, ಕೈಲಾಸಂ, ಬಿ.ಎಂ.ಶ್ರೀ ಇವರೆಲ್ಲರ ಕೃತಿಗಳು ಈಗ ಎಲ್ಲರ ಸ್ವತ್ತು. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಕೃತಿಗಳು 2024ರ ಜನವರಿ 1ರಂದು, 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರ ಕೃತಿಗಳು 2025ರ ಜನವರಿ 1ರಂದು ಮುಕ್ತವಾದವು. ಡಿ.ವಿ.ಜಿ. ಅವರಿಗಾಗಿ 2036ರ ತನಕ, ಬೇಂದ್ರೆಯವರಿಗಾಗಿ 2042ರ ತನಕ, ಕುವೆಂಪು ಅವರಿಗಾಗಿ 2055ರ ತನಕ ಕಾಯಬೇಕು.

ಎರಡು ಎಚ್ಚರ. ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ. ಪಂಪಭಾರತ ಹತ್ತನೆಯ ಶತಮಾನದ್ದಾದರೂ ಅದರ ಇಂದಿನ ಆವೃತ್ತಿಯ ಗದ್ಯಾನುವಾದ, ಟಿಪ್ಪಣಿ, ಪೀಠಿಕೆಗಳು ಸಂಪಾದಕರವು. ದೇಶದಿಂದ ದೇಶಕ್ಕೆ ಕಾನೂನೂ ಬೇರೆ. ಜಾರ್ಜ್ ಆರ್ವೆಲ್ 1950ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ಭಾರತದಲ್ಲಿ 2011ರಿಂದ ಮುಕ್ತ. ಅಮೆರಿಕದಲ್ಲಿ ಪ್ರಕಟವಾದ ವರ್ಷದಿಂದ 95 ವರ್ಷ ಎಣಿಸುವುದರಿಂದ ಅವರ ಪ್ರಸಿದ್ಧ ಕಾದಂಬರಿಗಳಿಗೆ ಅಲ್ಲಿ ಇನ್ನೂ ಹಕ್ಕಿದೆ, ಅವು ಅಮೆರಿಕದ ಗುಟೆನ್‌ಬರ್ಗ್ ತಾಣದಲ್ಲಿ ಇಲ್ಲದಿರುವುದಕ್ಕೆ ಕಾರಣವೂ ಅದೇ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಆಸ್ಟ್ರೇಲಿಯಾ ತಾಣದಲ್ಲಿ ಅವನ್ನು ಪಡೆಯಬಹುದು.

ಇನ್ನು ಇಂದಿನ ಲೇಖಕರ ಪುಸ್ತಕಗಳ ಪಿಡಿಎಫ್ ವಾಟ್ಸ್‌ಆಪ್, ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವುದನ್ನು ಎಲ್ಲರೂ ಕಂಡಿದ್ದೇವೆ. ಸಾವಿರ ಪ್ರತಿ ಅಚ್ಚು ಹಾಕಿಸಿ, ಅದು ಖರ್ಚಾಗುವುದನ್ನೇ ಕಾಯುವ ಪ್ರಕಾಶಕರು ನಮ್ಮವರು. ಅವರ ಪುಸ್ತಕವನ್ನು ಕೊಂಡೇ ಓದೋಣ. ಇ-ರೀಡರ್ ಕೊಳ್ಳಲು ಶಕ್ತಿ ಇರುವವರಿಗೆ ಅದು ಹೊರೆಯಲ್ಲ.

ಎರವಲು ಪುಸ್ತಕ: ಇಲ್ಲಿ ಮತ್ತು ಹೊರದೇಶದಲ್ಲಿ

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಹೆಸರು ನೋಂದಾಯಿಸಿಕೊಂಡರೆ ಸಾಕು, ಶುಲ್ಕವಿಲ್ಲ. ಇದನ್ನು ಬಳಸುವುದು ವೆಬ್ ತಾಣ ಮತ್ತು ಆಪ್ ಮೂಲಕ. ಪುಸ್ತಕವನ್ನು ಇಳಿಸಿಕೊಂಡು ಕಿಂಡಲ್‌ನಂಥ ಮುಚ್ಚಿದ ಯಂತ್ರಕ್ಕೆ ಹಾಕುವ ವ್ಯವಸ್ಥೆ ಇದಲ್ಲ. ಇದನ್ನೇ ಹೆಚ್ಚಾಗಿ ಬಳಸುವ ಉದ್ದೇಶವಿದ್ದರೆ ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರ ಬೇಕು, ಇಲ್ಲವೇ ಮೊಬೈಲ್ ಸಾಕು. ಕನ್ನಡದ ಇ-ಪುಸ್ತಕ ಮಾರುವ ಮೈಲ್ಯಾಂಗ್‌ನಂಥ ಆಪ್‌ಗಳಿಗೂ ಇದೇ ಮಾತು ಸಲ್ಲುತ್ತದೆ.

ಇಂಟರ್ನೆಟ್ ಆರ್ಕೈವ್ ಕೂಡ ಹಕ್ಕಿರುವ ಪುಸ್ತಕಗಳನ್ನು ಗಂಟೆಯ ಅವಧಿಗೆ ಅಥವಾ 14 ದಿನಕ್ಕೆ ಎರವಲು ಕೊಡುತ್ತಿತ್ತು. ದೊಡ್ಡ ಪ್ರಕಾಶಕರು ಹೂಡಿದ ದಾವೆಯಲ್ಲಿ ನ್ಯಾಯಾಲಯದ ತೀರ್ಪು ಅದರ ವಿರುದ್ಧ ಬಂತು, 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಐದು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಎರವಲು ಪಟ್ಟಿಯಿಂದ ಹೊರಬಿದ್ದಿವೆ. ಈ ಎರವಲನ್ನು ನಂಬಿ ಯಂತ್ರ ಕೊಳ್ಳುವುದು ಬೇಡ.

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರ ಕತೆ ಬೇರೆ. ಅಲ್ಲಿಯ ಊರ ಗ್ರಂಥಾಲಯದ ಕಾರ್ಡ್ ಇದ್ದರೆ ಓವರ್‌ಡ್ರೈವ್ ಕಂಪನಿಯ ಲಿಬ್ಬಿ ಆಪ್ ಮೂಲಕ ಹೊಸ ಹೊಸ ಪುಸ್ತಕಗಳನ್ನು ಎರಡು ಮೂರು ವಾರ ಎರವಲು ಪಡೆಯಬಹುದು. ಅವಧಿ ಮುಗಿದ ಕೂಡಲೇ ಪುಸ್ತಕ ತಾನಾಗಿ ಹಿಂದಿರುಗುತ್ತದೆ, ದಂಡದ ಮಾತೇ ಇಲ್ಲ. ಇಲ್ಲಿ ಗಮನಿಸಬೇಕಾದ್ದು: ಲಿಬ್ಬಿಯಿಂದ ಕಿಂಡಲ್‌ಗೆ ಪುಸ್ತಕ ಕಳಿಸುವ ಸೌಲಭ್ಯ ಇರುವುದು ಅಮೆರಿಕದ ಗ್ರಂಥಾಲಯಗಳಿಗೆ ಮಾತ್ರ. ಟೊರಾಂಟೊ, ಲಂಡನ್, ಸಿಡ್ನಿಯಲ್ಲಿ ಇರುವವರು ಕೋಬೋ ಇ-ರೀಡರ್ ಕೊಂಡರೆ ಯಂತ್ರದೊಳಗೇ ಓವರ್‌ಡ್ರೈವ್ ಇರುತ್ತದೆ. ಪಾಕೆಟ್‌ಬುಕ್ ಯಂತ್ರದಲ್ಲಿ ನಕಲು ತಡೆಯಲು ಅಡೋಬಿ ಕಂಪನಿಯ ಡಿಜಿಟಲ್ ಬೀಗ ಹಾಕಿದ ಎರವಲು ಪುಸ್ತಕಗಳು ತೆರೆಯುತ್ತವೆ, ಕಿಂಡಲ್‌ನಲ್ಲಿ ತೆರೆಯುವುದಿಲ್ಲ. ಈ ಗ್ರಂಥಾಲಯಗಳಲ್ಲಿ ಕನ್ನಡದ ಇ-ಪುಸ್ತಕ ಸಿಗುವುದು ವಿರಳ. ಕನ್ನಡದಿಂದ ಇಂಗ್ಲಿಷಿಗೆ ಹೋದ ಪುಸ್ತಕಗಳನ್ನಾದರೂ ಹುಡುಕಿ. ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' 2025ರ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ನಿಮ್ಮ ಗ್ರಂಥಾಲಯದಲ್ಲಿ ಅದು ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಿ. ಓದುಗರ ಬೇಡಿಕೆಯನ್ನು ನೋಡಿಯೇ ಗ್ರಂಥಾಲಯಗಳು ಪುಸ್ತಕ ಕೊಳ್ಳುತ್ತವೆ.

ಪರದೆ ಎಷ್ಟು ದೊಡ್ಡದಿರಬೇಕು?

ಇಪಬ್ ಓದುವವರಿಗೆ 6 ಅಥವಾ 7 ಅಂಗುಲದ ಪರದೆ ಧಾರಾಳ. ಹಗುರ, ಒಂದೇ ಕೈಯಲ್ಲಿ ಹಿಡಿಯಬಹುದು. ಸ್ಕ್ಯಾನ್ ಓದುವವರು ಮಾತ್ರ ಲೆಕ್ಕ ಹಾಕಲೇಬೇಕು.

ಕನ್ನಡದ ಕಾದಂಬರಿಗಳು ಹೆಚ್ಚಾಗಿ 1/8 ಡೆಮಿ ಆಕಾರದಲ್ಲಿ ಬರುತ್ತವೆ, ಅಂದರೆ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಸುತ್ತಲಿನ ಬಿಳಿ ಅಂಚು ಕಳೆದರೆ ಅಚ್ಚಿನ ಭಾಗ ಸುಮಾರು ನಾಲ್ಕೂಕಾಲು ಅಂಗುಲ ಅಗಲ, ಏಳು ಅಂಗುಲ ಎತ್ತರ. 6 ಅಂಗುಲದ ಯಂತ್ರ ಎಂದರೆ ಕರ್ಣದ ಅಳತೆ. ಪರದೆಯ ನಿಜವಾದ ಅಗಲ 3.6, ಎತ್ತರ 4.8 ಅಂಗುಲ. ಅಂಚು ಕತ್ತರಿಸಿ ಇಡೀ ಪುಟ ತೋರಿಸಿದರೂ ಅಕ್ಷರ ಮೂಲದ ಮೂರನೇ ಎರಡು ಭಾಗಕ್ಕೆ ಕುಗ್ಗುತ್ತದೆ. ದೊಡ್ಡಕ್ಷರದ ಕೆಳಗೆ ಕೂತ ಒತ್ತಕ್ಷರಗಳು ಆ ಗಾತ್ರದಲ್ಲಿ, ಅದರಲ್ಲೂ ಮಸುಕಾದ ಹಳೆಯ ಸ್ಕ್ಯಾನ್‌ನಲ್ಲಿ, ಓದಲು ತೀರಾ ಕಷ್ಟ. 7 ಅಂಗುಲದಲ್ಲಿ ಇದು ಐದನೇ ನಾಲ್ಕು ಭಾಗ, 7.8 ಅಂಗುಲದಲ್ಲಿ ಹತ್ತರಲ್ಲಿ ಒಂಬತ್ತು ಭಾಗ. 10.3 ಅಂಗುಲದ ಪರದೆ ಸುಮಾರು 6.2 ಅಂಗುಲ ಅಗಲ, 8.2 ಅಂಗುಲ ಎತ್ತರ ಇರುವುದರಿಂದ ಅಚ್ಚಿನಷ್ಟೇ ದೊಡ್ಡದಾಗಿ, ಅಂಚು ತೆಗೆದರೆ ಅದಕ್ಕಿಂತ ತುಸು ದೊಡ್ಡದಾಗಿ ಕಾಣುತ್ತದೆ.

ಸಣ್ಣ ಯಂತ್ರ ಈಗಾಗಲೇ ಇರುವವರು ನಿರಾಶರಾಗಬೇಕಿಲ್ಲ. ಅದನ್ನು ಅಡ್ಡ ತಿರುಗಿಸಿ, ಅಂಚು ಕತ್ತರಿಸಿ, ಪುಟವನ್ನು ಅಗಲಕ್ಕೆ ಹೊಂದಿಸಿ. ಅರ್ಧ ಪುಟ ಒಮ್ಮೆಗೆ ಕಾಣುತ್ತದೆ, ಅಕ್ಷರ ಮೂಲದಷ್ಟೇ ಅಥವಾ ತುಸು ದೊಡ್ಡದಿರುತ್ತದೆ. ಕಾಂಟ್ರಾಸ್ಟ್ ಹೆಚ್ಚಿಸಿದರೆ ಮಸುಕು ಅಕ್ಷರ ಕಪ್ಪಾಗುತ್ತದೆ. ಕೆ2ಪಿಡಿಎಫ್‌ಆಪ್ಟ್ ಎಂಬ ಉಚಿತ ತಂತ್ರಾಂಶ ಸ್ಕ್ಯಾನ್ ಪುಟದ ಅಂಚು ಕತ್ತರಿಸಿ, ಸಣ್ಣ ಪರದೆಗೆ ಹೊಂದುವಂತೆ ಹೊಸ ಪಿಡಿಎಫ್ ಮಾಡಿಕೊಡುತ್ತದೆ.

ಮನೆಯ ಹಿರಿಯರಿಗಾಗಿ ಕೊಳ್ಳುವವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು ಎಂಬ ಆಸೆಯಿಂದಲೇ ಹೆಚ್ಚಿನವರು ಅಪ್ಪ ಅಮ್ಮನಿಗೆ ಇ-ರೀಡರ್ ಕೊಡಿಸುತ್ತಾರೆ. ಆ ಅನುಕೂಲ ಇರುವುದು ಇಪಬ್‌ನಲ್ಲಿ. ಅವರು ಓದಬಯಸುವುದು ಹಳೆಯ ಕನ್ನಡ ಕಾದಂಬರಿಗಳ ಸ್ಕ್ಯಾನ್ ಆಗಿದ್ದರೆ ಸಣ್ಣ ಯಂತ್ರ ಅವರಿಗೆ ಒದಗುವುದಿಲ್ಲ.

ಕನ್ನಡ ಸರಿಯಾಗಿ ಮೂಡುತ್ತದೆಯೇ?

ಸ್ಕ್ಯಾನ್‌ನಲ್ಲಿ ಅಕ್ಷರ ಕೆಡುವ ಪ್ರಶ್ನೆ ಇಲ್ಲ, ಅದು ಚಿತ್ರ. ಇಪಬ್‌ನಲ್ಲಿ ಯಂತ್ರವೇ ಅಕ್ಷರಗಳನ್ನು ಜೋಡಿಸಬೇಕು. ಒತ್ತಕ್ಷರವನ್ನು ಕೆಳಗಿಡುವುದು, ಅರ್ಕಾವತ್ತನ್ನು ಅಕ್ಷರದ ಮುಂದಿನ ಜಾಗಕ್ಕೆ ತರುವುದು, ದೀರ್ಘದ ಗುರುತನ್ನು ಸರಿಯಾಗಿ ಸೇರಿಸುವುದು ಅದರ ಕೆಲಸ. ಇಂಗ್ಲಿಷನ್ನೇ ಕಣ್ಣಲ್ಲಿಟ್ಟುಕೊಂಡು ಮಾಡಿದ ತಂತ್ರಾಂಶ ಇಲ್ಲಿ ಎಡವಬಹುದು. ಒಂದೇ ಯಂತ್ರದಲ್ಲಿ ಒಂದು ಬಗೆಯ ಫೈಲು ಸರಿಬಂದು ಇನ್ನೊಂದು ಕೆಡುವುದೂ ಉಂಟು.

ಪರೀಕ್ಷೆಗೆ ಒಂದು ಪುಟ್ಟ ಇಪಬ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಈ ಪದಗಳಿರಲಿ: ಕೀರ್ತಿ, ಸ್ವಾತಂತ್ರ್ಯ, ರಾಷ್ಟ್ರೀಯ, ಸಂಸ್ಕೃತಿ, ಜ್ಞಾನಪೀಠ, ಲಕ್ಷ್ಮೀ, ರ್‍ಯಾಂಕ್, ಕೋಲಾಟ. ಹಳಗನ್ನಡ ಓದುವವರು ಱ ಮತ್ತು ೞ ಸೇರಿಸಲಿ, ಏಕೆಂದರೆ ಈ ಎರಡು ಅಕ್ಷರ ಎಲ್ಲ ಫಾಂಟುಗಳಲ್ಲೂ ಇರುವುದಿಲ್ಲ. ಗೆಳೆಯರ ಬಳಿ ನೀವು ಕೊಳ್ಳಬೇಕೆಂದಿರುವ ಯಂತ್ರ ಇದ್ದರೆ ಈ ಫೈಲನ್ನು ಅದರಲ್ಲಿ ತೆರೆದು ನೋಡಿ. ಹೊಸದಾಗಿ ಕೊಂಡಿದ್ದರೆ ಹಿಂದಿರುಗಿಸುವ ಗಡುವಿನೊಳಗೆ ಮಾಡುವ ಮೊದಲ ಕೆಲಸ ಇದೇ ಆಗಲಿ.

ಕೆಟ್ಟರೆ ಎರಡು ಪರಿಹಾರಗಳಿವೆ. ನೋಟೊ ಸೆರಿಫ್ ಕನ್ನಡ, ಟೈರೋ ಕನ್ನಡದಂಥ ಉಚಿತ ಫಾಂಟನ್ನು ಯಂತ್ರಕ್ಕೆ ಸೇರಿಸಿ ನೋಡುವುದು ಒಂದು. ಕೆಒರೀಡರ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಳ್ಳುವುದು ಇನ್ನೊಂದು. ಭಾರತೀಯ ಲಿಪಿಗಳನ್ನು ಜೋಡಿಸಬಲ್ಲ ಹಾರ್ಫ್‌ಬಜ್ ಎಂಬ ವ್ಯವಸ್ಥೆ ಅದರಲ್ಲಿ ಇರುವುದರಿಂದ ಕನ್ನಡ ಫಾಂಟ್ ಕೊಟ್ಟರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಸ್ಕ್ಯಾನ್ ಪುಟದ ಅಂಚು ಕತ್ತರಿಸಲು, ಕಪ್ಪು ಹೆಚ್ಚಿಸಲು ಕೂಡ ಅದರಷ್ಟು ಅನುಕೂಲ ಬೇರೆಡೆ ಕಡಿಮೆ. ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಯಂತ್ರಗಳಲ್ಲಿ ಅದು ನಡೆಯುತ್ತದೆ. ಕಿಂಡಲ್‌ನಲ್ಲಿ ಯಂತ್ರದ ಬೀಗ ಮುರಿಯದೆ ನಡೆಯುವುದಿಲ್ಲ, ಮುರಿದರೆ ವಾರಂಟಿಗೆ ಕುತ್ತು.

ಯಂತ್ರಗಳ ಗುಣಾವಗುಣ

ಕಿಂಡಲ್: ನಮ್ಮಲ್ಲಿ ಸುಲಭವಾಗಿ ಸಿಗುವುದು ಇದೇ, ಕಟ್ಟುಮಸ್ತು, ಪರದೆ ಚೆನ್ನ. 2016ರ ಕೊನೆಯಲ್ಲಿ ಅಮೆಜಾನ್ ತನ್ನ ಕಿಂಡಲ್ ಮಳಿಗೆಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡವನ್ನು ಸೇರಿಸಲಿಲ್ಲ. ಇಪಬ್ ಫೈಲನ್ನು ನೇರವಾಗಿ ಯಂತ್ರಕ್ಕೆ ಹಾಕಿದರೆ ತೆರೆಯದು. ಸೆಂಡ್ ಟು ಕಿಂಡಲ್ ಮೂಲಕ ಕಳಿಸಿದರೆ ಅಮೆಜಾನ್ ಅದನ್ನು ತನ್ನ ರೂಪಕ್ಕೆ ಬದಲಿಸಿ ಯಂತ್ರಕ್ಕೆ ತಲುಪಿಸುತ್ತದೆ. ಇಮೇಲ್ ಮೂಲಕ 50 ಎಂಬಿ, ವೆಬ್ ಮೂಲಕ 200 ಎಂಬಿ ತನಕ ಕಳಿಸಬಹುದು. ದಪ್ಪ ಸ್ಕ್ಯಾನ್‌ಗಳನ್ನು ಕೇಬಲ್ ಹಾಕಿ ಸೇರಿಸುವುದು ಮೇಲು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಅವಕಾಶವನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ತೆಗೆದುಹಾಕಿತು ಎಂಬುದೂ ನೆನಪಿರಲಿ.

ಕೋಬೋ: ಇಪಬ್ ನೇರವಾಗಿ ಓದುತ್ತದೆ. ಕಂಪ್ಯೂಟರಿಗೆ ಜೋಡಿಸಿ ಫೈಲು ಎಳೆದುಹಾಕಿದರೆ ಮುಗಿಯಿತು. ಸ್ವಂತ ಫಾಂಟ್ ಸೇರಿಸಬಹುದು. ಹೊರದೇಶದ ಗ್ರಂಥಾಲಯ ಬಳಸುವವರಿಗೆ ಮೊದಲ ಆಯ್ಕೆ.

ಪಾಕೆಟ್‌ಬುಕ್: ಇಪಬ್, ಪಿಡಿಎಫ್, ಡೇಜಾವು ಸೇರಿದಂತೆ ಹಲವು ಬಗೆಯ ಫೈಲುಗಳು ಪರಿವರ್ತನೆ ಇಲ್ಲದೆ ತೆರೆಯುತ್ತವೆ. ಯಾವ ಮಳಿಗೆಗೂ ಕಟ್ಟಿಹಾಕುವುದಿಲ್ಲ.

ಬೂಕ್ಸ್: ಇದು ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರ. ಲಿಬ್ಬಿ, ಕಿಂಡಲ್, ಮೈಲ್ಯಾಂಗ್, ಗ್ರಂಥಾಲಯದ ಆಪ್ ಎಲ್ಲವನ್ನೂ ಹಾಕಿಕೊಳ್ಳಬಹುದು. ಕನ್ನಡ ಧ್ವನಿಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಲೂ ಬರುತ್ತದೆ. ದೊಡ್ಡ ಪರದೆಯ ಮಾದರಿಗಳೂ ಇವೆ. ಬೆಲೆ ಹೆಚ್ಚು, ಬ್ಯಾಟರಿ ಬೇಗ ಖಾಲಿ, ಹೊಂದಿಸಿಕೊಳ್ಳಲು ತಾಳ್ಮೆ ಬೇಕು.

ಯಾರಿಗೆ ಯಾವುದು?

ಗುಟೆನ್‌ಬರ್ಗ್‌ನ ಇಂಗ್ಲಿಷ್ ಕೃತಿಗಳೇ ಮುಖ್ಯವಾದರೆ 6 ಅಥವಾ 7 ಅಂಗುಲದ ಕಿಂಡಲ್ ಸಾಕು, ಹೆಚ್ಚು ಖರ್ಚು ಬೇಡ.

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್, ಸಂಶೋಧನ ಗ್ರಂಥ, ಶಾಸನ ಸಂಪುಟ ಓದುವ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು 10.3 ಅಂಗುಲದ ಯಂತ್ರಕ್ಕೆ ಹಣ ಕೂಡಿಡುವುದು ಒಳ್ಳೆಯದು. ಅಷ್ಟು ಆಗದಿದ್ದರೆ 7.8 ಅಂಗುಲ. ಅದೂ ಆಗದಿದ್ದರೆ 10 ಅಂಗುಲದ ಸಾಮಾನ್ಯ ಟ್ಯಾಬ್ಲೆಟ್ 6 ಅಂಗುಲದ ಇ-ರೀಡರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಿಕಿಸೋರ್ಸ್‌ನ ಕನ್ನಡ, ಇಂಗ್ಲಿಷ್ ಎರಡನ್ನೂ ಇಪಬ್‌ನಲ್ಲಿ ಓದುವವರಿಗೆ 7 ಅಂಗುಲದ ಕೋಬೋ ಅಥವಾ ಪಾಕೆಟ್‌ಬುಕ್, ಜೊತೆಗೆ ಕೆಒರೀಡರ್ ಹೊಂದುತ್ತದೆ.

ರಾಜ್ಯದ ಡಿಜಿಟಲ್ ಗ್ರಂಥಾಲಯ ಮತ್ತು ಕನ್ನಡದ ಆಪ್‌ಗಳನ್ನು ಬಳಸುವವರಿಗೆ ಆಂಡ್ರಾಯ್ಡ್ ಇ-ಇಂಕ್. ದಿನಕ್ಕೆ ಅರ್ಧ ಗಂಟೆ ಮಾತ್ರ ಓದುವವರಿಗೆ ಕೈಯಲ್ಲಿರುವ ಮೊಬೈಲೇ ಸಾಕು.

ಹಣ ಕೊಡುವ ಮೊದಲು

ಭಾರತದಲ್ಲಿ ಅಧಿಕೃತವಾಗಿ ಮಾರದ ಯಂತ್ರವನ್ನು ಆಮದು ಮಾಡಿದ ಅಂಗಡಿಯಿಂದ ಕೊಂಡರೆ ವಾರಂಟಿ ಯಾರ ಹೊಣೆ ಎಂದು ಬರವಣಿಗೆಯಲ್ಲಿ ಕೇಳಿ. ಇ-ಇಂಕ್ ಪರದೆ ಒತ್ತಡಕ್ಕೆ ಬಿರುಕು ಬಿಡುತ್ತದೆ, ಬದಲಿಸಲು ಹೊಸ ಯಂತ್ರದ ಹತ್ತಿರ ಹತ್ತಿರ ಖರ್ಚಾಗಬಹುದು. ಗಟ್ಟಿ ಕವರ್‌ನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಳೆಯ ಯಂತ್ರ ಕೊಳ್ಳುವುದಾದರೆ ಹಿಂದಿನ ಮಾಲೀಕರು ತಮ್ಮ ಖಾತೆಯಿಂದ ಅದನ್ನು ಬಿಡಿಸಿದ್ದಾರೆಯೇ, ಪರದೆಯಲ್ಲಿ ಅಳಿಯದ ಗೆರೆ ಇದೆಯೇ, ಬ್ಯಾಟರಿ ಕೆಲ ದಿನ ನಿಲ್ಲುತ್ತದೆಯೇ ನೋಡಿ. 16 ಜಿಬಿ ಜಾಗ ಇದ್ದರೆ ಇಪಬ್ ಸಾವಿರಾರು, ಸ್ಕ್ಯಾನ್ ನೂರಾರು ಹಿಡಿಯುತ್ತವೆ, ಹೆಚ್ಚಿನದಕ್ಕೆ ದುಡ್ಡು ಹಾಕಬೇಡಿ. ಕೋವಿದ್ ಗೋಯಲ್ ರೂಪಿಸಿದ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಪುಸ್ತಕಗಳನ್ನು ಜೋಡಿಸಿಡಲು, ರೂಪ ಬದಲಿಸಲು, ಯಂತ್ರಕ್ಕೆ ಕಳಿಸಲು ಅದೊಂದೇ ಸಾಕು.

ಇದಕ್ಕೂ ಮೊದಲು ಮಾಡಬೇಕಾದ, ಖರ್ಚಿಲ್ಲದ ಕೆಲಸ ಒಂದಿದೆ. ಮುಂದಿನ ಆರು ತಿಂಗಳಲ್ಲಿ ನಿಜವಾಗಿ ಓದಬೇಕೆಂದಿರುವ ಹತ್ತು ಪುಸ್ತಕಗಳ ಪಟ್ಟಿ ಬರೆಯಿರಿ. ಒಂದೊಂದೂ ಎಲ್ಲಿ ಸಿಗುತ್ತದೆ, ಪಠ್ಯವೋ ಚಿತ್ರವೋ ಆಪ್‌ನೊಳಗಿನದೋ ಎಂದು ಎದುರಿಗೆ ಗುರುತು ಹಾಕಿ. ಹತ್ತರಲ್ಲಿ ಏಳು ಯಾವ ಗುಂಪಿಗೆ ಸೇರುತ್ತವೋ ಆ ಗುಂಪಿಗೆ ಹೊಂದುವ ಯಂತ್ರವೇ ನಿಮ್ಮದು.

ಕನ್ನಡ ಓದುಗರಲ್ಲಿ ಹಲವರ ಪಟ್ಟಿಯಲ್ಲಿ ಆ ಏಳೂ ಸ್ಕ್ಯಾನ್ ಆಗಿಯೇ ಇರುತ್ತವೆ. ನಮಗೆ ದೊಡ್ಡ ಪರದೆಯ ದುಬಾರಿ ಯಂತ್ರ ಬೇಕಾಗುತ್ತಿರುವುದು ನಮ್ಮ ಪುಸ್ತಕಗಳು ಇನ್ನೂ ಚಿತ್ರಗಳಾಗಿ ಉಳಿದಿರುವುದರಿಂದ. ಇದನ್ನು ಬದಲಿಸುವುದು ಓದುಗರ ಕೈಯಲ್ಲೇ ಇದೆ. ಈಗಿನ ಓಸಿಆರ್ ತಂತ್ರಾಂಶಗಳು ಸ್ಕ್ಯಾನ್ ಪುಟದಿಂದ ಕನ್ನಡ ಪಠ್ಯವನ್ನು ಬಹುಪಾಲು ಸರಿಯಾಗಿಯೇ ಹೊರತೆಗೆಯುತ್ತವೆ. ಉಳಿದ ತಪ್ಪುಗಳನ್ನು ಕನ್ನಡ ಬಲ್ಲ ಕಣ್ಣುಗಳೇ ತಿದ್ದಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಎಡಕ್ಕೆ ಪುಟದ ಚಿತ್ರ, ಬಲಕ್ಕೆ ಪಠ್ಯ ಇಟ್ಟುಕೊಂಡು ಯಾರು ಬೇಕಾದರೂ ಕರಡು ತಿದ್ದಬಹುದು. ನೂರೈವತ್ತು ಪುಟದ ಕಾದಂಬರಿಗೆ ಐವರು ಸೇರಿ ವಾರಕ್ಕೆ ಐದೈದು ಪುಟ ತಿದ್ದಿದರೆ ಆರು ವಾರದಲ್ಲಿ ಅದು ಇಪಬ್ ಆಗಿ ಎಲ್ಲರಿಗೂ ದೊರೆಯುತ್ತದೆ. ಆಮೇಲೆ ಅದನ್ನು ಓದಲು ಯಾರಿಗೂ ದೊಡ್ಡ ಯಂತ್ರ ಬೇಡ, ಹಳೆಯ ಮೊಬೈಲಿನಲ್ಲೂ ಅಜ್ಜಿ ತಮಗೆ ಬೇಕಾದಷ್ಟು ದೊಡ್ಡ ಅಕ್ಷರದಲ್ಲಿ ಓದಬಹುದು. ಇ-ರೀಡರ್ ಕೊಂಡ ಪ್ರತಿಯೊಬ್ಬ ಕನ್ನಡಿಗರೂ ವರ್ಷಕ್ಕೆ ಒಂದು ಪುಸ್ತಕದಲ್ಲಾದರೂ ಹೀಗೆ ಕೈಜೋಡಿಸಲಿ.